ಬಕೀಯ ಗೋಡೆ, ಮುರುಗಮಲ್ಲದ ಬಾಗಿಲು

ಹಜ್ ಮುಗಿಸಿ ಬಂದವರ ಮನೆಗಳಲ್ಲಿ ಖರ್ಜೂರ, ಜಮ್‌ಜಮ್ ನೀರು ಹಂಚಿ ಮುಗಿಯುವ ಹೊತ್ತಿಗೆ ಪ್ರತಿ ವರ್ಷವೂ ನನ್ನ ಹತ್ತಿರ ಒಂದು ಪ್ರಶ್ನೆ ಬಂದೇ ಬರುತ್ತದೆ. ಮಾರಿಕುಪ್ಪಂ ಟ್ರೈನಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಓಡಾಡುವವರು ಕೇಳುತ್ತಾರೆ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಸಿಕ್ಕವರು ಕೈಚೀಲ ಕೆಳಗಿಟ್ಟು ಕೇಳುತ್ತಾರೆ. "ಮದೀನಾದಲ್ಲಿ ಪೈಗಂಬರರ ಮನೆಯವರ ಗೋರಿಗಳಿಗೆ ಒಂದು ಹೆಸರಿನ ಕಲ್ಲೂ ಇಲ್ಲವಂತೆ. ನಿಜವಾ? ಒಡೆದವರು ಯಾರು?" ಕೇಳುವವರಲ್ಲಿ ಮುಸ್ಲಿಮರೂ ಇದ್ದಾರೆ, ಬೇರೆಯವರೂ ಇದ್ದಾರೆ. ಕೆಲವರ ದನಿಯಲ್ಲಿ ನೋವು, ಕೆಲವರ ದನಿಯಲ್ಲಿ ಬರೀ ಬೆರಗು. ಇನ್ನು ಕೆಲವರು "ನಿಮ್ಮವರೇ ಒಡೆದರಲ್ಲ" ಎಂದು ಚುಚ್ಚುವುದಕ್ಕೂ ಕೇಳುತ್ತಾರೆ. ಎಲ್ಲರಿಗೂ ಸೇರಿಸಿ ಈ ವಾರ ಉತ್ತರ ಬರೆಯುತ್ತಿದ್ದೇನೆ.

ನಿಜ. ಪೈಗಂಬರರ ಮಸೀದಿಯ ಪಕ್ಕದಲ್ಲೇ ಜನ್ನತುಲ್ ಬಕೀ ಎಂಬ ಹಳೆಯ ಸ್ಮಶಾನವಿದೆ. ಪೈಗಂಬರರ ಎಳೆಯ ಮಗ ಇಬ್ರಾಹೀಮ್, ಅವರ ಹೆಂಡತಿಯರಲ್ಲಿ ಹೆಚ್ಚಿನವರು, ಮೂರನೆಯ ಖಲೀಫ ಉಸ್ಮಾನ್, ಮೊಮ್ಮಗ ಹಸನ್, ಮುಂದಿನ ತಲೆಮಾರುಗಳ ಇಮಾಮರಾದ ಜೈನುಲ್ ಆಬಿದೀನ್, ಮುಹಮ್ಮದ್ ಬಾಕಿರ್, ಜಾಫರ್ ಸಾದಿಕ್, ಧರ್ಮಶಾಸ್ತ್ರಜ್ಞ ಇಮಾಮ್ ಮಾಲಿಕ್ ಎಲ್ಲರೂ ಅಲ್ಲೇ ಮಣ್ಣಾದವರು. ಮಗಳು ಫಾತಿಮಾರ ಗೋರಿ ಬಕೀಯಲ್ಲಿದೆಯೋ ಮಸೀದಿಗೆ ಹೊಂದಿಕೊಂಡಿದ್ದ ಅವರ ಮನೆಯಲ್ಲೇ ಇದೆಯೋ ಎಂಬುದರಲ್ಲಿ ಹಿಂದಿನಿಂದಲೂ ಎರಡು ಮಾತಿದೆ. ಇವರಲ್ಲಿ ಹಲವರ ಗೋರಿಗಳ ಮೇಲೆ ಗುಮ್ಮಟಗಳಿದ್ದವು. ಇವತ್ತು ಹೋದರೆ ಕಾಣುವುದು ಕಂದು ಮಣ್ಣಿನ ಬಯಲು, ತಲೆಭಾಗಕ್ಕೆ ನಿಲ್ಲಿಸಿದ ಹೆಸರಿಲ್ಲದ ಕಲ್ಲುಗಳು, ಸುತ್ತ ಎತ್ತರದ ಗೋಡೆ. ಗಂಡಸರಿಗೆ ಗೊತ್ತಾದ ಹೊತ್ತಿನಲ್ಲಿ ಬಾಗಿಲು ತೆರೆಯುತ್ತದೆ. ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳು ಜೀವಮಾನದ ಉಳಿತಾಯ ಖರ್ಚು ಮಾಡಿ ಮದೀನಾಕ್ಕೆ ಹೋಗಿ, ಆ ಗೋಡೆಯ ಆಚೆ ನಿಂತು ಸಲಾಮ್ ಹೇಳಿ ಬರುತ್ತಾರೆ.

ಒಡೆದಿದ್ದು ಒಂದು ಸಲವಲ್ಲ, ಎರಡು ಸಲ. ಕತೆ ಶುರುವಾಗುವುದು ಅರೇಬಿಯಾದ ನಡುವಿನ ನಜ್ದ್ ಎಂಬ ಒಣಪ್ರದೇಶದಲ್ಲಿ. ಅಲ್ಲಿನ ಉಯೈನಾ ಊರಿನಲ್ಲಿ 1703ರಲ್ಲಿ ಹುಟ್ಟಿದ ಮುಹಮ್ಮದ್ ಬಿನ್ ಅಬ್ದುಲ್ ವಹಾಬ್, ಜನ ಗೋರಿಗಳ ಹತ್ತಿರ ಹರಕೆ ಹೊರುವುದು, ಮರಗಳಿಗೆ ಬಟ್ಟೆ ಕಟ್ಟುವುದು, ಸತ್ತ ಮಹಾತ್ಮರನ್ನು ಕರೆದು ಬೇಡುವುದು ಇವೆಲ್ಲ ಏಕದೇವನಿಗೆ ಇನ್ನೊಬ್ಬರನ್ನು ಸರಿಗಟ್ಟುವ ಶಿರ್ಕ್ ಎಂಬ ಮಹಾಪಾಪ ಎಂದು ಸಾರಿದರು. ಇದೇ ಮಾತನ್ನು ಅವರಿಗಿಂತ ನಾನೂರು ವರ್ಷ ಮೊದಲೇ ಡಮಾಸ್ಕಸ್‌ನ ಇಬ್ನ್ ತೈಮಿಯಾ ಬೇರೆ ರೀತಿಯಲ್ಲಿ ಎತ್ತಿದ್ದರು. ಹಾಗಾಗಿ ವಿಚಾರ ಹೊಸದಲ್ಲ, ಅದನ್ನು ಜಾರಿಗೆ ತಂದ ರೀತಿ ಹೊಸದು. ಎರಡನೆಯ ಖಲೀಫ ಉಮರ್ ಅವರ ಅಣ್ಣ ಜೈದ್ ಅವರ ಗೋರಿಯ ಮೇಲಿದ್ದ ಗುಮ್ಮಟವನ್ನು ಉಯೈನಾದ ಆಳುವವನ ಬೆಂಬಲದಿಂದ ಅವರು ಕೆಡವಿಸಿದರು. ಆ ಊರಲ್ಲಿ ನೆಲೆ ತಪ್ಪಿದ ಮೇಲೆ ಪಕ್ಕದ ದಿರಿಯಾಕ್ಕೆ ಹೋಗಿ 1744ರಲ್ಲಿ ಅಲ್ಲಿನ ಮುಖಂಡ ಮುಹಮ್ಮದ್ ಬಿನ್ ಸೌದ್ ಜೊತೆ ಕೈಜೋಡಿಸಿದರು. ಧರ್ಮ ಇವರದು, ಕತ್ತಿ ಅವರದು. ಇವತ್ತಿನ ಸೌದಿ ಅರೇಬಿಯಾದ ಬೇರು ಆ ಒಪ್ಪಂದದಲ್ಲಿದೆ.

ಒಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕು. ಮುಹಮ್ಮದ್ ಬಿನ್ ಅಬ್ದುಲ್ ವಹಾಬರ ಈ ವಾದವನ್ನು ಮೊದಲು ವಿರೋಧಿಸಿದವರಲ್ಲಿ ಅವರ ಒಡಹುಟ್ಟಿದ ಸುಲೈಮಾನ್ ಬಿನ್ ಅಬ್ದುಲ್ ವಹಾಬ್ ಕೂಡ ಒಬ್ಬರು. ಅವರೂ ಧಾರ್ಮಿಕ ವಿದ್ವಾಂಸರೇ. ನಮಾಜು ಮಾಡುವ, ಕಲಿಮಾ ಹೇಳುವ ಜನರನ್ನು ಗೋರಿಯ ನೆಪದಲ್ಲಿ ಧರ್ಮದ ಆಚೆಗೆ ತಳ್ಳುವ ಅಧಿಕಾರ ನಿನಗೆಲ್ಲಿಂದ ಬಂತು ಎಂಬುದು ಅವರ ತಕರಾರಿನ ತಿರುಳು. ಅಂದರೆ ಈ ಜಗಳ ಶುರುವಾದದ್ದೇ ಮುಸ್ಲಿಮರ ಮನೆಯೊಳಗೆ, ಒಂದೇ ತಂದೆಯ ಮಕ್ಕಳ ನಡುವೆ. "ನಿಮ್ಮವರೇ ಒಡೆದರಲ್ಲ" ಎನ್ನುವವರು ಇದನ್ನೂ ಕೇಳಿಸಿಕೊಳ್ಳಬೇಕು. ಒಡೆದದ್ದೂ ನಮ್ಮವರೇ, ಒಡೆಯಬೇಡಿ ಎಂದದ್ದೂ ನಮ್ಮವರೇ. ಒಡೆದಾಗ ಪ್ರಾಣ ಕಳೆದುಕೊಂಡವರೂ ನಮ್ಮವರೇ.

1802ರಲ್ಲಿ ದಿರಿಯಾದ ಪಡೆ ಇರಾಕಿನ ಕರ್ಬಲಾಕ್ಕೆ ನುಗ್ಗಿತು. ಪೈಗಂಬರರ ಮೊಮ್ಮಗ ಇಮಾಮ್ ಹುಸೇನರ ಗೋರಿಯ ಗುಮ್ಮಟ ಹಾಳಾಯಿತು, ಅಲ್ಲಿದ್ದ ಚಿನ್ನ ಬೆಳ್ಳಿ ಲೂಟಿಯಾಯಿತು, ಊರಿನ ಜನ ಸಾವಿರಗಟ್ಟಲೆ ಸತ್ತರು. ಮರುವರ್ಷವೇ ಅಲ್ಲಿಗೆ ಹೋಗಿದ್ದ ಲಖನೌದ ಪ್ರವಾಸಿ ಮಿರ್ಜಾ ಅಬೂ ತಾಲಿಬ್ ಆ ದಾಳಿಯ ಸುದ್ದಿಯನ್ನು ಬರೆದಿಟ್ಟಿದ್ದಾನೆ. 1803ರಲ್ಲಿ ಮೆಕ್ಕಾ ಅವರ ಕೈಸೇರಿತು, 1806ರ ಹೊತ್ತಿಗೆ ಮದೀನಾದ ಬಕೀಯ ಗುಮ್ಮಟಗಳು ಉರುಳಿದವು. ಆಟೋಮನ್ ಸುಲ್ತಾನನ ಪರವಾಗಿ ಈಜಿಪ್ಟಿನ ಮುಹಮ್ಮದ್ ಅಲಿ ಪಾಷಾ ಸೈನ್ಯ ಕಳಿಸಿ ಎರಡೂ ಪುಣ್ಯಕ್ಷೇತ್ರಗಳನ್ನು ಬಿಡಿಸಿಕೊಂಡ. ಅವನ ಮಗ ಇಬ್ರಾಹೀಮ್ ಪಾಷಾ 1818ರಲ್ಲಿ ದಿರಿಯಾವನ್ನೇ ನೆಲಸಮ ಮಾಡಿದ. ಆಟೋಮನ್ನರು ಗುಮ್ಮಟಗಳನ್ನು ಮತ್ತೆ ಕಟ್ಟಿಸಿದರು. ಅವು ಇನ್ನೊಂದು ನೂರು ವರ್ಷ ನಿಂತವು.

ಕೋಲಾರ ಸೀಮೆಯವರಿಗೆ ಈ ಹೆಸರುಗಳು ಬಹಳ ದೂರದವೆನಿಸಬಹುದು. ಅಷ್ಟು ದೂರದವಲ್ಲ. ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಮಗ ಟಿಪ್ಪು, 1780ರ ದಶಕದಲ್ಲಿ ಇಸ್ತಾಂಬುಲ್‌ಗೆ ನಿಯೋಗ ಕಳಿಸಿದಾಗ ವ್ಯಾಪಾರ, ಸೈನಿಕ ನೆರವಿನ ಮಾತಿನ ಜೊತೆಗೆ ಇನ್ನೊಂದು ಕೋರಿಕೆಯನ್ನೂ ಸೇರಿಸಿದ್ದ. ಪೈಗಂಬರರ ಅಳಿಯ ಹಜ್ರತ್ ಅಲಿಯವರ ಗೋರಿಯಿರುವ ನಜಫ್ ಪಟ್ಟಣಕ್ಕೆ ಯೂಫ್ರಟಿಸ್ ನದಿಯಿಂದ ಕಾಲುವೆ ತೋಡಿಸಿ ನೀರು ಕೊಡಲು ತನಗೆ ಅಪ್ಪಣೆ ಬೇಕು ಎಂಬುದು ಆ ಕೋರಿಕೆ. ಕಾವೇರಿ ದಂಡೆಯ ಸುನ್ನಿ ದೊರೆಯೊಬ್ಬನಿಗೆ ಇರಾಕಿನ ಒಂದು ಗೋರಿಯ ಊರಿಗೆ ನೀರುಣಿಸುವ ಆಸೆ. ಅವನು ಸತ್ತು ಮೂರು ವರ್ಷಕ್ಕೆ ಕರ್ಬಲಾ ಲೂಟಿಯಾಯಿತು. ಹೈದರನ ತಂದೆ ಫತೇ ಮುಹಮ್ಮದನ ಗೋರಿ ಕೋಲಾರದ ಮಕಬರಾದಲ್ಲಿದೆ. 1782ರಲ್ಲಿ ಚಿತ್ತೂರಿನ ಹತ್ತಿರ ಹೈದರ್ ಸತ್ತಾಗ ಮೊದಲು ಅವನ ದೇಹವನ್ನು ತಂದಿಟ್ಟದ್ದು ಅಲ್ಲಿಗೇ. ಆಮೇಲೆ ಶ್ರೀರಂಗಪಟ್ಟಣದ ಗುಂಬಜ್‌ಗೆ ಒಯ್ದರು. ಗೋರಿಯ ಮೇಲೆ ಗುಮ್ಮಟ ಕಟ್ಟುವುದು, ಅಲ್ಲಿ ದೀಪ ಹಚ್ಚುವುದು, ಫಾತಿಹಾ ಓದಿಸುವುದು ನಮ್ಮ ನೆಲದ ಮುಸ್ಲಿಮರಿಗೆ ಹೊರಗಿನಿಂದ ಅಂಟಿದ ಕೊಳೆಯಲ್ಲ. ಅವರ ಭಕ್ತಿಯ ಮೈಕಟ್ಟೇ ಅದು.

ಎರಡನೆಯ ಕೆಡವುವಿಕೆ ನಡೆದದ್ದು ನಮ್ಮ ಅಜ್ಜಂದಿರ ಕಾಲದಲ್ಲಿ. 1924ರಲ್ಲಿ ಅದೇ ಸೌದ್ ವಂಶದ ದೊರೆ ಇಬ್ನ್ ಸೌದ್ ಮೆಕ್ಕಾ ಹಿಡಿದ. 1925ರ ಕೊನೆಗೆ ಮದೀನಾ ಶರಣಾಯಿತು. ಮೆಕ್ಕಾದ ಜನ್ನತುಲ್ ಮುಅಲ್ಲಾದಲ್ಲಿ ಪೈಗಂಬರರ ಮೊದಲ ಹೆಂಡತಿ ಖದೀಜಾರ ಗೋರಿಯ ಗುಮ್ಮಟ ಹೋಯಿತು. ಮದೀನಾದಲ್ಲಿ ಮಾತ್ರ ಸ್ವಲ್ಪ ನಾಜೂಕಾಗಿ ನಡೆದುಕೊಂಡರು. ಮುಖ್ಯ ಖಾಜಿ ಅಬ್ದುಲ್ಲಾ ಬಿನ್ ಬುಲೈಹಿದ್ ಅಲ್ಲಿನ ಉಲೆಮಾಗಳ ಮುಂದೆ ಗೋರಿಯ ಮೇಲೆ ಕಟ್ಟಡ ಸಮ್ಮತವೇ ಎಂಬ ಪ್ರಶ್ನೆ ಇಟ್ಟು, ಅಲ್ಲ ಎಂಬ ಫತ್ವಾ ಪಡೆದ. ಊರು ಸೈನ್ಯದ ಹಿಡಿತದಲ್ಲಿರುವಾಗ ಪಡೆದ ಫತ್ವಾದ ಬೆಲೆಯೇನು ಎಂದು ಆಗಲೇ ಜನ ಕೇಳಿದರು. 1926ರ ಏಪ್ರಿಲ್ 21, ಹಿಜರಿ ಲೆಕ್ಕದಲ್ಲಿ ಶವ್ವಾಲ್ 8, ಬಕೀಯನ್ನು ಕೆಡವಿದ ದಿನವೆಂದು ಶಿಯಾಗಳು ಇಂದಿಗೂ ದುಃಖ ಆಚರಿಸುತ್ತಾರೆ. ನಮ್ಮ ಹಳೆಯ ಕೋಲಾರ ಜಿಲ್ಲೆಯದೇ ಆದ, ಈಗ ಚಿಕ್ಕಬಳ್ಳಾಪುರಕ್ಕೆ ಸೇರಿದ ಗೌರಿಬಿದನೂರು ತಾಲೂಕಿನ ಅಲೀಪುರದಂಥ ಶಿಯಾ ಊರಿಗೆ ಆ ತಾರೀಖನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಗೋರಿಗಳು ಉರುಳುತ್ತಿರುವ ಸುದ್ದಿ ಹಿಂದೂಸ್ತಾನಕ್ಕೆ ಬರತೊಡಗಿದಾಗ ಖಿಲಾಫತ್ ಚಳವಳಿಯವರೊಳಗೇ ಬಿರುಕು ಬಿಟ್ಟಿತು. ಲಖನೌದ ಫರಂಗಿ ಮಹಲಿನ ಮೌಲಾನಾ ಅಬ್ದುಲ್ ಬಾರಿ, ಸುನ್ನಿ ವಿದ್ವಾಂಸರು, ಮೆಕ್ಕಾ ಮದೀನಾಗಳ ರಕ್ಷಣೆಗೆಂದೇ ಸಂಘ ಕಟ್ಟಿ ದನಿಯೆತ್ತಿದರು. ಮೌಲಾನಾ ಮುಹಮ್ಮದ್ ಅಲಿ, ಶೌಕತ್ ಅಲಿ ಸೋದರರು ಮೊದಮೊದಲು ಇಬ್ನ್ ಸೌದ್ ಕಡೆಗೇ ಇದ್ದರು. ಅವನು ತನ್ನನ್ನೇ ದೊರೆಯೆಂದು ಘೋಷಿಸಿಕೊಂಡದ್ದೂ ಗೋರಿಗಳು ಉರುಳಿದ್ದೂ ಅವರ ಮನಸ್ಸು ಒಡೆಯಿತು. 1926ರ ಬೇಸಗೆಯಲ್ಲಿ ಮೆಕ್ಕಾದಲ್ಲಿ ಸೇರಿದ ಮುಸ್ಲಿಮ್ ಸಮ್ಮೇಳನಕ್ಕೆ ಹೋದ ನಮ್ಮ ದೇಶದವರು ಇದನ್ನು ಮುಖಾಮುಖಿ ಕೇಳಿ, ಬರಿಗೈಯಲ್ಲಿ ಹಿಂದಿರುಗಿದರು.

ಇನ್ನು ಶಾಸ್ತ್ರದ ಪ್ರಶ್ನೆ. ಕೆಡವಿದವರಿಗೆ ಆಧಾರವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎತ್ತರಿಸಿದ ಗೋರಿಗಳನ್ನು ನೆಲಕ್ಕೆ ಸಮಮಾಡಲು ಹಜ್ರತ್ ಅಲಿ ಒಬ್ಬರನ್ನು ಕಳಿಸಿದರೆಂಬ ಹದೀಸು ಸಹೀಹ್ ಮುಸ್ಲಿಮ್ ಸಂಗ್ರಹದಲ್ಲಿದೆ. ಅವರು ಎತ್ತಿ ತೋರಿಸುವುದು ಅದನ್ನು. ಆದರೆ ಅಬೂ ದಾವೂದ್ ಸಂಗ್ರಹದಲ್ಲಿ ಇನ್ನೊಂದಿದೆ, ನನಗೆ ಅದು ಬಲು ಪ್ರಿಯ. ಬಕೀಯಲ್ಲಿ ಮೊದಮೊದಲಿಗೆ ಮಣ್ಣಾದ ಮುಹಾಜಿರ್, ಅಂದರೆ ಮೆಕ್ಕಾದಿಂದ ವಲಸೆ ಬಂದವರು, ಪೈಗಂಬರರ ಸಂಗಾತಿ ಉಸ್ಮಾನ್ ಬಿನ್ ಮಜ್‌ಊನ್. ಅವರನ್ನು ಹೂಳಿದ ಮೇಲೆ ಒಬ್ಬನಿಗೆ ಕಲ್ಲು ತರಲು ಪೈಗಂಬರರು ಹೇಳಿದರು. ಅವನಿಂದ ಎತ್ತಲಾಗಲಿಲ್ಲ. ತಾವೇ ಎದ್ದು, ಅಂಗಿಯ ತೋಳು ಮೇಲೆ ಸರಿಸಿ, ಆ ಕಲ್ಲನ್ನು ಹೊತ್ತು ತಂದು ತಲೆಯ ಕಡೆ ಇಟ್ಟರು. ನನ್ನ ಸೋದರನ ಗೋರಿ ಗುರುತಿಗಿರಲಿ, ನನ್ನ ಮನೆಯವರು ಸತ್ತಾಗ ಇವನ ಪಕ್ಕದಲ್ಲಿ ಹೂಳುತ್ತೇನೆ ಎಂಬರ್ಥದ ಮಾತು ಹೇಳಿದರು. ಗುಮ್ಮಟದ ವಿಷಯ ವಿದ್ವಾಂಸರು ಚರ್ಚಿಸಿಕೊಳ್ಳಲಿ. ಯಾರು ಎಲ್ಲಿ ಮಲಗಿದ್ದಾರೆಂದು ಬದುಕಿರುವವರಿಗೆ ಗೊತ್ತಿರಬೇಕು ಎಂಬ ಆಸೆ ಅಧರ್ಮವಾಗಿದ್ದರೆ ಆ ಕಲ್ಲನ್ನು ಅವರು ಹೊರುತ್ತಿರಲಿಲ್ಲ.

ನಮ್ಮ ದಾದಿಗೆ, ಅಂದರೆ ಅಪ್ಪನ ತಾಯಿಗೆ, ಈ ಹದೀಸುಗಳೊಂದೂ ಗೊತ್ತಿರಲಿಲ್ಲ, ಓದು ಬರಹವೂ ಇರಲಿಲ್ಲ. ವರ್ಷಕ್ಕೊಮ್ಮೆ ಚಿಂತಾಮಣಿ ತಾಲೂಕಿನ ಮುರುಗಮಲ್ಲಕ್ಕೆ, ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ, ಹೋಗದಿದ್ದರೆ ಅವಳಿಗೆ ಸಮಾಧಾನವಿಲ್ಲ. ಜೊತೆಗೆ ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನ ಲೈನ್ ಮನೆಯಲ್ಲಿದ್ದ ಅವಳ ತಮಿಳು ಗೆಳತಿ. ಆಕೆಯ ಗಂಡ ಗಣಿಯೊಳಗೆ ಇಳಿಯುತ್ತಿದ್ದವನು. ಪಾಳಿ ಮುಗಿಸಿ ಮೇಲೆ ಬರುವವರೆಗೂ ಮನೆಯವರ ಉಸಿರು ಗಂಟಲಲ್ಲೇ ಇರುತ್ತಿದ್ದ ಕಾಲ ಅದು. ಬಂಗಾರಪೇಟೆಯಿಂದ ಕೋಲಾರ, ಅಲ್ಲಿಂದ ಚಿಂತಾಮಣಿ, ಮತ್ತೊಂದು ಬಸ್ಸು. ಮಡಿಲಲ್ಲಿ ಸಕ್ಕರೆ, ಊದುಕಡ್ಡಿ, ಎಲೆಯಲ್ಲಿ ಸುತ್ತಿದ ಮಲ್ಲಿಗೆ ಚಾದರ. ಒಳಗೆ ಲೋಬಾನದ ಹೊಗೆ ಕಣ್ಣುರಿಸುತ್ತಿತ್ತು. ಮುಜಾವರ್ ಸಾಬರು ನವಿಲುಗರಿಯ ಕಟ್ಟಿನಿಂದ ಇಬ್ಬರ ತಲೆಯನ್ನೂ ಒಂದೇ ಸಮ ಸವರುತ್ತಿದ್ದರು. ಯಾರ ಹಣೆಯಲ್ಲಿ ಕುಂಕುಮವಿದೆ ಎಂದು ನೋಡುತ್ತಿರಲಿಲ್ಲ. ಓದಿಸಿದ ಸಕ್ಕರೆಯನ್ನು ಆ ತಮಿಳು ಅಮ್ಮ ಸೆರಗಿನ ತುದಿಗೆ ಗಂಟು ಹಾಕಿ ತಂದು, ಗಂಡನಿಗೆ ಪಾಳಿಗೆ ಹೋಗುವ ಮುಂಚೆ ಚಿಟಿಕೆ ಬಾಯಿಗೆ ಹಾಕುತ್ತಿದ್ದಳಂತೆ. ಅದೇ ಊರಲ್ಲಿ ಮುಕ್ತೀಶ್ವರನ ಗುಡಿಯೂ ಇದೆ. ಆಕೆ ಅಲ್ಲಿಗೂ ಹೋಗಿ ಬರುವಳು, ದಾದಿ ಹೊರಗೆ ನೆರಳಲ್ಲಿ ಚೀಲ ಕಾಯುತ್ತಾ ಕೂರುವಳು.

ಮದರಸಾದಲ್ಲಿ ಓದಿ ಬಂದ ನನ್ನ ಚಿಕ್ಕಪ್ಪನ ಮಗ ಒಮ್ಮೆ ಎದುರು ನಿಂತ. "ದಾದಿಮಾ, ಸತ್ತವರನ್ನ ಕೇಳೋದು ಶಿರ್ಕ್. ಎಲ್ಲಾ ಇಬಾದತ್ ಹಾಳಾಗುತ್ತೆ." ದಾದಿ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ನಾನು ಬಾವಾನ್ನ ಕೇಳಲ್ಲ ಬೇಟಾ. ಬಾವಾ ಒಳ್ಳೆಯವರು, ಅವರ ಪಕ್ಕ ಕೂತು ಅಲ್ಲಾಹನ್ನ ಕೇಳ್ತೀನಿ. ಒಬ್ಬಳೇ ಕೇಳೋದಕ್ಕೆ ನನಗೆ ನಾಚಿಕೆ." ಪುಣ್ಯಪುರುಷರನ್ನು ಮುಂದಿಟ್ಟುಕೊಂಡು ದೇವರಲ್ಲಿ ಮೊರೆಯಿಡುವುದು ಸರಿಯೇ ಎಂದು ಪಂಡಿತರು ಎಷ್ಟೋ ಶತಮಾನ ವಾದಿಸಿದ್ದಾರೆ. ದಾದಿ ಆ ವಾದದ ಒಂದು ಪಕ್ಷವನ್ನು ಮೊರದ ಮುಂದೆ ಕೂತೇ ಹೇಳಿ ಮುಗಿಸಿದ್ದಳು.

ಆ ಹುಡುಗನ ಬಗ್ಗೆಯೂ ನ್ಯಾಯವಾಗಿ ಮಾತಾಡಬೇಕು. ಅವನು ದಾದಿಯನ್ನು ತಡೆಯಲಿಲ್ಲ, ಕೊನೆಯ ವರ್ಷಗಳಲ್ಲಿ ಬಸ್ಸು ಹತ್ತಿಸಿದವನೂ ಅವನೇ. ನಮ್ಮ ಕಡೆ ತಬ್ಲೀಗಿಗೆ ಹೋಗುವ, ದೇವಬಂದಿ ಮದರಸಾದಲ್ಲಿ ಓದಿದ ಹುಡುಗರನ್ನೆಲ್ಲ "ವಹಾಬಿ" ಎಂದು ಜರೆಯುವ ಚಾಳಿ ಇದೆ. ಇದು ಅನ್ಯಾಯ. ಉರುಸು, ಸಂದಲ್ ಬೇಡ ಎನ್ನುವುದು ಒಂದು ಅಭಿಪ್ರಾಯ. ದರ್ಗಾಗಳ ಹೆಸರಲ್ಲಿ ದುಡ್ಡು ಕೀಳುವುದನ್ನು, ದೆವ್ವ ಬಿಡಿಸುವ ನೆಪದಲ್ಲಿ ಮನೋರೋಗಿಗಳನ್ನು ಕಟ್ಟಿಹಾಕುವುದನ್ನು ಅವರು ಟೀಕಿಸಿದರೆ ನಾನು ಅವರ ಪಕ್ಕ ನಿಲ್ಲುತ್ತೇನೆ. ಮಾತಿನಲ್ಲಿ ಮನವೊಲಿಸುವ ಹಕ್ಕು ಎಲ್ಲರಿಗೂ ಇದೆ. ನನ್ನ ಜಗಳ ಹಾರೆಯ ಜೊತೆಗೆ. ಧರ್ಮದೊಳಗಿನ ವಾದ ಎಂದೂ ಮುಗಿಯುವಂಥದ್ದಲ್ಲ, ಮುಗಿಯಲೂ ಬಾರದು. ಯಾವತ್ತು ಒಂದು ಪಕ್ಷಕ್ಕೆ ಸರ್ಕಾರವೋ ಬಂದೂಕೋ ಸಿಗುತ್ತದೋ ಅವತ್ತು ಇನ್ನೊಂದು ಪಕ್ಷದ ಗುರುತೇ ನೆಲದ ಮೇಲೆ ಉಳಿಯುವುದಿಲ್ಲ.

ಇದು ಹಳೆಯ ಕತೆಯಾಗಿ ಮುಗಿದಿಲ್ಲ. 2012ರಲ್ಲಿ ಮಾಲಿ ದೇಶದ ಟಿಂಬಕ್ಟುವಿನಲ್ಲಿ ಅನ್ಸಾರ್ ದೀನ್ ಎಂಬ ಗುಂಪು ಸಂತರ ಮಣ್ಣಿನ ಗೋರಿಮನೆಗಳನ್ನು ಗುದ್ದಲಿಯಿಂದ ಕೆಡವಿತು. 2014ರಲ್ಲಿ ಮೋಸುಲ್‌ನಲ್ಲಿ ಪ್ರವಾದಿ ಯೂನುಸರ ಗೋರಿಯಿದ್ದ ಮಸೀದಿಯನ್ನು ಐಸಿಸ್ ಸಿಡಿಸಿತು. ಪಾಕಿಸ್ತಾನದ ಸೆಹ್ವಾನ್‌ನಲ್ಲಿ 2017ರ ಫೆಬ್ರುವರಿಯ ಒಂದು ಗುರುವಾರ ಸಂಜೆ, ಧಮಾಲ್ ಎಂಬ ಭಕ್ತಿಕುಣಿತ ನಡೆಯುವ ಹೊತ್ತಿಗೆ, ಲಾಲ್ ಶಹಬಾಜ್ ಖಲಂದರ್ ದರ್ಗಾದಲ್ಲಿ ಬಾಂಬು ಸಿಡಿದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಟಿಂಬಕ್ಟುವಿನದು ಮಾತ್ರ ಸ್ವಲ್ಪ ಭರವಸೆ ಕೊಡುವ ಕತೆ. ಅಲ್ಲಿನ ಗಾರೆಕೆಲಸದವರೇ ಯುನೆಸ್ಕೋ ನೆರವಿನಿಂದ 2015ರ ಹೊತ್ತಿಗೆ ಗೋರಿಗಳನ್ನು ಹಿಂದಿನ ಹಾಗೇ ಕಟ್ಟಿ ನಿಲ್ಲಿಸಿದರು. ಕೆಡವಿಸಿದ ಅಹ್ಮದ್ ಅಲ್ ಫಕಿ ಅಲ್ ಮಹ್ದಿಗೆ 2016ರಲ್ಲಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಒಂಬತ್ತು ವರ್ಷ ಸೆರೆ ವಿಧಿಸಿತು. ಅವನು ತಪ್ಪೊಪ್ಪಿಕೊಂಡು ಕ್ಷಮೆಯನ್ನೂ ಕೇಳಿದ.

ಮೆಕ್ಕಾದಲ್ಲಿ ಹಾರೆಯ ಜಾಗಕ್ಕೆ ಬುಲ್ಡೋಜರ್ ಬಂತು, ಸಿದ್ಧಾಂತದ ಜೊತೆಗೆ ಹಣ ಸೇರಿತು. ಖದೀಜಾರ ಮನೆಯ ಅವಶೇಷಗಳನ್ನು 1989ರಲ್ಲಿ ಅಗೆದು ದಾಖಲಿಸಿ ಮತ್ತೆ ಮುಚ್ಚಿಬಿಟ್ಟರು. ಆಟೋಮನ್ ಕಾಲದ ಅಜ್ಯಾದ್ ಕೋಟೆಯನ್ನು, ಅದು ನಿಂತಿದ್ದ ಗುಡ್ಡದ ಸಮೇತ, 2002ರಲ್ಲಿ ತೆಗೆದುಹಾಕಿ 601 ಮೀಟರ್ ಎತ್ತರದ ಗಡಿಯಾರದ ಗೋಪುರವಿರುವ ಹೋಟೆಲು ಕಟ್ಟಡಗಳನ್ನು ಎಬ್ಬಿಸಿದರು. ಹಾಜಿಗಳ ಸಂಖ್ಯೆ ಹೆಚ್ಚಿದೆ, ಜಾಗ ಬೇಕು, ಒಪ್ಪುತ್ತೇನೆ. ಹಜ್ ಸಂಶೋಧನಾ ಕೇಂದ್ರವನ್ನು ಕಟ್ಟಿದ ಸೌದಿಯ ವಾಸ್ತುಶಿಲ್ಪಿ ಸಾಮಿ ಅಂಗಾವಿ ದಶಕಗಳ ಕಾಲ ಹೇಳುತ್ತ ಬಂದದ್ದು, ಹಳೆಯದನ್ನು ಉಳಿಸಿಕೊಂಡೂ ಜಾಗ ಮಾಡಬಹುದು ಎಂದು. ಆ ಮಾತು ಯಾರಿಗೂ ನಾಟಲಿಲ್ಲ. ಕೆಜಿಎಫ್‌ನವರಿಗೆ ಈ ಸಂಕಟ ಬೇಗ ಅರ್ಥವಾಗುತ್ತದೆ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಹುಟ್ಟಿದ ಮಕ್ಕಳಿಗೆ ನಿಮ್ಮ ತಾತ ಇಳಿಯುತ್ತಿದ್ದದ್ದು ಇಲ್ಲೇ ಎಂದು ತೋರಿಸಲು ಒಂದು ಶಾಫ್ಟ್ ಕಾಣಬೇಕು. ಬರೀ ಸೈನೈಡ್ ದಿಬ್ಬ ತೋರಿಸಿ ಕತೆ ಹೇಳಲಾಗದು.

ಗೋರಿ ಒಡೆದರೆ ಯಾರಿಗೆ ನಷ್ಟ ಎಂದು ಯೋಚಿಸುತ್ತ ಹೋದಂತೆ ನನಗೆ ಸ್ಪಷ್ಟವಾಗುವುದು ಒಂದೇ. ಓದಿದ ಗಂಡಸರಿಗೆ ಮಸೀದಿಯಿದೆ, ಕಿತಾಬಿದೆ, ವಾದವಿದೆ. ನಮ್ಮ ಊರುಗಳ ಹೆಚ್ಚಿನ ಮಸೀದಿಗಳಲ್ಲಿ ಹೆಂಗಸರಿಗೆ ಜಾಗವಿಲ್ಲ. ಅವರಿಗೆ ಮನೆಯಿಂದ ಹೊರಗೆ ಬಂದು, ಕೂತು, ಅತ್ತು, ದೇವರಿಗೆ ತಮ್ಮ ದುಃಖ ಹೇಳಿಕೊಳ್ಳಲು ಇದ್ದ ಜಾಗ ದರ್ಗಾ. ಬೇರೆ ಧರ್ಮದವರಿಗೆ ಇಸ್ಲಾಮಿನ ಹೊಸಿಲು ದಾಟಲು ಇದ್ದ ಬಾಗಿಲೂ ಅದೇ. ಈ ಬಾಗಿಲನ್ನು ಮುಚ್ಚಲು ಹಾರೆಯೇ ಬೇಕಿಲ್ಲ. ಮುಂಬೈನ ಹಾಜಿ ಅಲಿ ದರ್ಗಾದಲ್ಲಿ ಗೋರಿಯ ಹತ್ತಿರದವರೆಗೂ ಹೋಗುತ್ತಿದ್ದ ಹೆಂಗಸರನ್ನು 2012ರ ಸುಮಾರಿಗೆ ಟ್ರಸ್ಟಿನವರು ತಡೆದರು. ಮುಸ್ಲಿಮ್ ಮಹಿಳೆಯರೇ ಕೋರ್ಟಿಗೆ ಹೋದರು. 2016ರ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿ ಒಂದು ಇಟ್ಟಿಗೆಯೂ ಬಿದ್ದಿರಲಿಲ್ಲ. ಆದರೆ ಬಕೀಯ ಗೋಡೆಯ ನೆರಳು ಅರಬ್ಬೀ ಸಮುದ್ರ ದಾಟಿ ಅಲ್ಲಿಗೂ ಬಂದಿತ್ತೆಂದೇ ನನಗನ್ನಿಸುತ್ತದೆ.

ಸೌದಿಯಲ್ಲೂ ಗಾಳಿ ಬದಲಾಗುತ್ತಿದೆ. ಇಬ್ರಾಹೀಮ್ ಪಾಷಾ ಕೆಡವಿದ್ದ ದಿರಿಯಾದ ಮಣ್ಣಿನ ಅರಮನೆಗಳನ್ನು ಅಲ್ಲಿನ ಸರ್ಕಾರ ಜತನದಿಂದ ಉಳಿಸಿಕೊಂಡು 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿತು. 2022ರಿಂದ ರಾಜ್ಯ ಸ್ಥಾಪನೆಯ ದಿನವನ್ನು 1727ರಿಂದ ಲೆಕ್ಕ ಹಾಕಿ ಆಚರಿಸುತ್ತಿದೆ. ಅಂದರೆ 1744ರ ಆ ಒಪ್ಪಂದಕ್ಕೂ ಹಿಂದಕ್ಕೆ ಹೋಗಿದೆ. ಮೆಕ್ಕಾದ ಹಿರಾ ಗುಡ್ಡದ ಬುಡದಲ್ಲಿ 2023ರಲ್ಲಿ ಸಾಂಸ್ಕೃತಿಕ ಕೇಂದ್ರ ತೆರೆದಿದೆ. ತನ್ನ ರಾಜವಂಶದ ಹಿರಿಯರ ಮನೆಗಳಿಗೆ ಇಷ್ಟು ಅಕ್ಕರೆ ತೋರಿಸಬಲ್ಲ ದೇಶ, ಪೈಗಂಬರರ ಮನೆಯವರ ಗೋರಿಗಳ ಮುಂದೆ ಅವರ ಹೆಸರು ಬರೆದ ಒಂದೊಂದು ಕಲ್ಲು ನಿಲ್ಲಿಸಲಿ. ಹೆಣ್ಣುಮಕ್ಕಳಿಗೆ ದಿನದಲ್ಲಿ ಒಂದು ಹೊತ್ತಾದರೂ ಬಾಗಿಲು ತೆರೆಯಲಿ. ಗುಮ್ಮಟ ಕಟ್ಟಿ ಎಂದು ಕೇಳುವವರು ಕೇಳಲಿ, ನಾನು ಕೇಳುವುದು ಇಷ್ಟು.

ಅದು ಆಗುವವರೆಗೆ ನಮ್ಮಿಂದ ಆಗುವ ಕೆಲಸವೊಂದಿದೆ. ಹಜ್‌ಗೆ ಹೋಗುವವರಿಗೆ ಮುಂಚೆ ನಡೆಯುವ ತರಬೇತಿ ಶಿಬಿರಗಳಲ್ಲಿ ಇಹ್ರಾಮ್ ಕಟ್ಟುವುದು, ಲಗೇಜಿನ ತೂಕ, ಮೊಬೈಲ್ ಸಿಮ್ಮು ಎಲ್ಲ ಹೇಳಿಕೊಡುತ್ತಾರೆ, ಬಕೀಯ ಬಗ್ಗೆ ಒಂದು ಮಾತೂ ಇರುವುದಿಲ್ಲ. ಕೆಡವುವ ಮೊದಲು ತೆಗೆದ ಅದರ ಫೋಟೋಗಳಿವೆ, ಯಾವ ಗೋರಿ ಎಲ್ಲಿತ್ತೆಂಬ ನಕ್ಷೆಗಳಿವೆ. ಕೋಲಾರ, ಬಂಗಾರಪೇಟೆ, ಕೆಜಿಎಫ್‌ನಲ್ಲಿ ಶಿಬಿರ ನಡೆಸುವ ಹಿರಿಯರು ಮುಂದಿನ ಸಲ ಅರ್ಧ ಗಂಟೆ ಅದಕ್ಕೂ ಕೊಡಿ. ಆ ನಕ್ಷೆಯ ಒಂದೊಂದು ಪ್ರತಿ ಮೊದಲು ಹೆಂಗಸರ ಕೈಗೆ ಸೇರಲಿ.